ಗಿಡಮರ ಪ್ರಶ್ನೋತ್ತರ: ಸೇಂಟ್ ಹೆಲೀನಾ ದ್ವೀಪದ ಕಾಡು, ಶ್ರೀರಂಗಪಟ್ಟಣದ ನಂಟು

ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ, ಅಟ್ಲಾಂಟಿಕ್ ಸಮುದ್ರದ ನಡುವೆ ಇರೋ ಸೇಂಟ್ ಹೆಲೀನಾ ಅನ್ನೋ ದ್ವೀಪದಲ್ಲಿ ಮಾತ್ರ ಬೆಳೀತಿದ್ದ ಒಂದು ಮರದ ಕೊನೇ ಗಿಡ 2003ರಲ್ಲಿ ಸತ್ತೋಯ್ತು, ಈಗ ಅದು ಭೂಮಿ ಮೇಲೆ ಎಲ್ಲೂ ಇಲ್ಲ ಅಂತ. ಆ ಒಂದು ಸಾಲಿಗೆ ಮಂಡ್ಯ, ಮೈಸೂರು ಕಡೆಯಿಂದ ಇಷ್ಟೊಂದು ಪತ್ರ, ವಾಟ್ಸಾಪ್ ಮೆಸೇಜು ಬಂದಿರೋದು ನೋಡಿ ನಿಜವಾಗ್ಲೂ ಖುಷಿಯಾಯ್ತು. ಅದಕ್ಕೇ ಈ ಸಲದ ಪೂರ್ತಿ ಜಾಗ ಆ ದ್ವೀಪಕ್ಕೆ. ಮಲ್ಲಿಗೆ ಗಿಡ, ಟೆರೇಸ್ ಗಾರ್ಡನ್ ಬಗ್ಗೆ ಕೇಳಿರೋರು ದಯವಿಟ್ಟು ಒಂದು ತಿಂಗಳು ತಡ್ಕೊಳಿ.

ಪ್ರಶ್ನೆ: ಸೇಂಟ್ ಹೆಲೀನಾ ಅಂದ್ರೆ ನೆಪೋಲಿಯನ್‌ನ ಸೆರೆ ಇಟ್ಟಿದ್ದ ದ್ವೀಪ ಅಂತ ಮಾತ್ರ ಗೊತ್ತು ಸಾರ್. ಅದಕ್ಕೂ ನಮ್ಮೂರಿಗೂ ಏನೋ ಸಂಬಂಧ ಇದೆ ಅಂತ ಒಬ್ರು ಗೈಡು ಹೇಳ್ತಿದ್ರು, ನಿಜಾನಾ? ಅಲ್ಲಿ ಕಾಡು ಅಂತ ಇದ್ಯಾ? (ಓದುಗರು, ಶ್ರೀರಂಗಪಟ್ಟಣ)

ಉತ್ತರ: ನಿಜ, ಆ ಗೈಡು ಹೇಳಿದ್ದು ಸುಳ್ಳಲ್ಲ. ಮೊದಲು ದ್ವೀಪ ಎಲ್ಲಿದೆ ಅಂತ ಹೇಳ್ಬಿಡ್ತೀನಿ. ಆಫ್ರಿಕಾದ ಪಶ್ಚಿಮ ಕರಾವಳಿಯಿಂದ ಸುಮಾರು 1,900 ಕಿಲೋಮೀಟರ್ ದೂರ, ಅಂದ್ರೆ ಹೆಚ್ಚುಕಮ್ಮಿ ಮೈಸೂರಿಂದ ದೆಹಲಿಗೆ ನೇರವಾಗಿ ಹಾರಿದಷ್ಟು, ಆದ್ರೆ ಮಧ್ಯದಲ್ಲಿ ಬರೀ ನೀರು. ವಿಸ್ತೀರ್ಣ 122 ಚದರ ಕಿಲೋಮೀಟರ್. ಹಳೇ ಜ್ವಾಲಾಮುಖಿಯಿಂದ ಎದ್ದ ನೆಲ. ಅಲ್ಲಿನ ಅತಿ ಎತ್ತರದ ಜಾಗ ಡಯಾನಾಸ್ ಪೀಕ್, ಸುಮಾರು 820 ಮೀಟರ್, ಅಂದ್ರೆ ಮೈಸೂರು ಸಿಟಿ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆಯೋ ಅದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಆದ್ರೆ ಸಮುದ್ರದ ಮಧ್ಯೆ ಒಂಟಿಯಾಗಿ ನಿಂತಿರೋದ್ರಿಂದ ಆ ಎತ್ತರಕ್ಕೇ ಮೋಡ ಬಂದು ಸಿಕ್ಕಾಕೊಳ್ಳುತ್ತೆ, ಬೆಟ್ಟದ ತಲೆ ಮೇಲೆ ಸದಾ ಮಂಜು, ಪಾಚಿ ಹಿಡಿದ ಮರಗಳು, ಆಳೆತ್ತರದ ಮರಜರೀಗಿಡಗಳು (ಟ್ರೀ ಫರ್ನ್). ಕೆಳಗೆ ಕರಾವಳಿ ಕಡೆ ಬಂದ್ರೆ ಒಣ ಬಂಡೆ, ಮಳೆ ಇಲ್ಲ. ಇಷ್ಟು ಚಿಕ್ಕ ಜಾಗದಲ್ಲಿ ಎರಡೂ ಇದೆ. ಬೇರೆಲ್ಲೂ ಇಲ್ಲದ, ಅಲ್ಲಿ ಮಾತ್ರ ಇರೋ ಗಿಡದ ಜಾತಿಗಳು 40ಕ್ಕೂ ಹೆಚ್ಚು.

ಈಗ ನಿಮ್ಮೂರಿನ ನಂಟು. 1799ರಲ್ಲಿ ಟಿಪ್ಪು ಸುಲ್ತಾನರ ವಿರುದ್ಧ ಶ್ರೀರಂಗಪಟ್ಟಣದ ಕೋಟೆಗೆ ಮುತ್ತಿಗೆ ಹಾಕಿದ ಬ್ರಿಟಿಷ್ ಸೈನ್ಯದಲ್ಲಿ ಸರ್ವೇಯರ್ ಜನರಲ್ ಆಗಿದ್ದವನು ಅಲೆಕ್ಸಾಂಡರ್ ಬೀಟ್ಸನ್. ಕೋಟೆ, ನದಿ, ದಾರಿ ಎಲ್ಲದರ ನಕ್ಷೆ ಅವನ ಕೈಲಿತ್ತು, ಆ ಯುದ್ಧದ ಬಗ್ಗೆ ದೊಡ್ಡ ಪುಸ್ತಕಾನೂ ಬರೆದ. ಅದೇ ಮನುಷ್ಯ 1808ರಿಂದ 1813ರವರೆಗೆ ಸೇಂಟ್ ಹೆಲೀನಾಗೆ ಗವರ್ನರ್ ಆಗಿ ಹೋದ. ಆಗ ಆ ದ್ವೀಪ ಈಸ್ಟ್ ಇಂಡಿಯಾ ಕಂಪನಿದು, ಇಂಡಿಯಾದಿಂದ ವಾಪಸ್ ಹೋಗೋ ಹಡಗುಗಳು ನೀರು, ತರಕಾರಿಗೆ ಅಲ್ಲೇ ನಿಲ್ತಿದ್ವು. ಬೀಟ್ಸನ್ ಹೋಗೋ ಹೊತ್ತಿಗೆ ದ್ವೀಪ ಬೋಳಾಗಿತ್ತು. ಸರ್ಕಾರಕ್ಕೆ ಬೇಕಾದ ಉರುವಲನ್ನೂ ಹಡಗಲ್ಲಿ ತರಿಸ್ಬೇಕು, ಅದಕ್ಕೆ ಒಂದೇ ವರ್ಷಕ್ಕೆ 2,700 ಪೌಂಡ್‌ಗಿಂತ ಜಾಸ್ತಿ ಖರ್ಚಾಗಿದೆ ಅಂತ ಲೆಕ್ಕ ಇದೆ. ಇದಕ್ಕೆಲ್ಲ ಮೇಕೆಗಳು ಕಾರಣ, ಮೇಕೆ ಹೋದ್ರೆ ಕಾಡು ತಾನಾಗೇ ಬರುತ್ತೆ ಅಂತ ಅವನು ಹಠ ಹಿಡಿದು ವಾದ ಮಾಡ್ದ, ಮರ ನೆಡಿಸ್ದ, ಬೇಸಾಯದ ಪ್ರಯೋಗ ಮಾಡ್ಸಿದ. ಕಲ್ಕತ್ತಾ ಬಟಾನಿಕಲ್ ಗಾರ್ಡನ್ ನೋಡ್ಕೊಳ್ತಿದ್ದ ವಿಲಿಯಂ ರಾಕ್ಸ್‌ಬರ್ಗ್ ಇಂಗ್ಲೆಂಡ್‌ಗೆ ವಾಪಸ್ ಹೋಗ್ತಾ ಈ ದ್ವೀಪದಲ್ಲಿ ಇಳಿದು ಅಲ್ಲಿನ ಗಿಡಗಳ ಪಟ್ಟಿ ಮಾಡಿದ್ದ, ಅದನ್ನ ಬೀಟ್ಸನ್ 1816ರಲ್ಲಿ ತನ್ನ ಪುಸ್ತಕದ ಜೊತೆ ಅಚ್ಚು ಹಾಕ್ಸಿದ. ಅಂದ್ರೆ ಆ ದ್ವೀಪದ ಸಸ್ಯಗಳ ಬಗ್ಗೆ ನಮಗೆ ಸಿಗೋ ಹಳೇ ದಾಖಲೆಗಳಲ್ಲಿ ಒಂದು ನಿಮ್ಮ ಕೋಟೆಯ ನಕ್ಷೆ ಬರೆದವನ ಕೈಯಿಂದಾನೇ ಹೊರಗೆ ಬಂದಿದ್ದು.

ಇನ್ನೊಂದು ಇದೆ. ಟಿಪ್ಪು ತೀರಿಕೊಂಡ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ಆರ್ಥರ್ ವೆಲ್ಲೆಸ್ಲಿಗೆ ಬಂತು, ಅವನು ವಾಸ ಇದ್ದದ್ದು ದರಿಯಾ ದೌಲತ್ ಬಾಗ್‌ನಲ್ಲಿ. 1805ರಲ್ಲಿ ಇಂಡಿಯಾ ಬಿಟ್ಟು ಹೋಗುವಾಗ ಸೇಂಟ್ ಹೆಲೀನಾದಲ್ಲಿ ಇಳಿದು, ಬ್ರೈಯರ್ಸ್ ಅನ್ನೋ ತೋಟದ ಮನೇಲಿ ಉಳ್ಕೊಂಡಿದ್ದ. ಹತ್ತು ವರ್ಷ ಆದ್ಮೇಲೆ ಅವನೇ ವಾಟರ್ಲೂನಲ್ಲಿ ನೆಪೋಲಿಯನ್‌ನ ಸೋಲಿಸ್ದ, ಸೋತ ನೆಪೋಲಿಯನ್‌ನ ಕರ್ಕೊಂಡು ಹೋಗಿ ಮೊದಲ ಎರಡು ತಿಂಗಳು ಇಟ್ಟಿದ್ದು ಅದೇ ಬ್ರೈಯರ್ಸ್‌ನಲ್ಲಿ. ದರಿಯಾ ದೌಲತ್ ನೋಡೋಕೆ ಬರೋ ಪ್ರವಾಸಿಗರಿಗೆ ಇದನ್ನೂ ಹೇಳಿ ಅಂತ ಆ ಗೈಡ್‌ಗೆ ನನ್ನ ಕಡೆಯಿಂದ ತಿಳಿಸಿ.

ಪ್ರಶ್ನೆ: ಅಲ್ಲಿ ಎಬೊನಿ ಮರ ಸತ್ತು ಮತ್ತೆ ಬದುಕಿತು ಅಂತ ಎಲ್ಲೋ ಕೇಳಿದ್ದೆ. ನಮ್ಮ ಕರಿಮರಾನೇ ಅದು? ನೀವು ಬರೆದ ಸತ್ತೋದ ಮರಾನೂ ಅದೂ ಒಂದೇನಾ? (ಗೃಹಿಣಿ, ಕುವೆಂಪುನಗರ, ಮೈಸೂರು)

ಉತ್ತರ: ಮೂರೂ ಬೇರೆ ಬೇರೆ ಮೇಡಂ. ನಮ್ಮ ಕರಿಮರ ಬೀಡಿ ಎಲೆ ಕೊಡೋ ತೂಪ್ರದ ಜಾತಿಗೆ ಸೇರಿದ್ದು. ಸೇಂಟ್ ಹೆಲೀನಾದ ಎಬೊನಿಗೆ ಆ ಹೆಸರು ಬಂದಿರೋದು ಕಪ್ಪು ಕಟ್ಟಿಗೆಗೆ ಮಾತ್ರ, ಕುಟುಂಬ ನೋಡಿದ್ರೆ ದಾಸವಾಳ, ಬೆಂಡೆ, ಹತ್ತಿ ಇವುಗಳ ಕಡೆಯದು. ಹೂವು ನೋಡಿದ್ರೆ ಗೊತ್ತಾಗ್ಬಿಡುತ್ತೆ, ದೊಡ್ಡ ಬಿಳೀ ಹೂವು, ಐದು ಎಸಳು, ದಿನ ಕಳೀತಾ ಕಳೀತಾ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಒಂದೇ ಕೊಂಬೆಯಲ್ಲಿ ಬೆಳಿಗ್ಗೆ ಅರಳಿದ ಬಿಳಿದೂ ಹಳೇ ಗುಲಾಬಿದೂ ಜೊತೆಗೇ ಇರುತ್ತೆ.

ಈ ಮರ ಒಂದು ಕಾಲದಲ್ಲಿ ದ್ವೀಪದ ಒಣ ಇಳಿಜಾರುಗಳಲ್ಲೆಲ್ಲ ಇತ್ತು. ಕಂಪನಿ ಕಾಲದಲ್ಲಿ ಸುಣ್ಣ ಸುಡೋಕೆ ಸೌದೆ ಮಾಡಿದ್ರು, ಚರ್ಮ ಹದ ಮಾಡೋಕೆ ತೊಗಟೆ ಸುಲಿದು ಮರಾನ ಹಾಗೇ ಬಿಟ್ಟು ಹೋದ್ರು, ಚಿಗುರಿದ್ದನ್ನ ಮೇಕೆ ತಿಂದ್ಹಾಕ್ತು. 1709ರಲ್ಲೇ ಅಲ್ಲಿನ ಗವರ್ನರು ಲಂಡನ್‌ಗೆ ಬರೆದಿದ್ದಾನೆ, ಎಬೊನಿ ಮುಗೀತಾ ಇದೆ, ಮೇಕೆಗಳನ್ನ ಕಡಿಮೆ ಮಾಡೋಕೆ ಅಪ್ಪಣೆ ಕೊಡಿ ಅಂತ. ಕಂಪನಿ ಡೈರೆಕ್ಟರ್‌ಗಳಿಂದ ಬಂದ ಉತ್ತರ ಏನು ಗೊತ್ತಾ, ಮೇಕೆ ಕೊಲ್ಲೋದು ಬೇಡ, ಎಬೊನಿಗಿಂತ ಮೇಕೆಗೇ ಬೆಲೆ ಜಾಸ್ತಿ. ಈ ಉತ್ತರ ಓದಿದಾಗೆಲ್ಲ ನನಗೆ ಸಂಕಟ ಆಗುತ್ತೆ, ಯಾಕಂದ್ರೆ ಅದು ದಡ್ಡತನ ಅಲ್ಲ, ಆವತ್ತಿನ ಲೆಕ್ಕದಲ್ಲಿ ಸರಿಯಾಗೇ ಇತ್ತು, ಮಾಂಸಕ್ಕೆ ಗಿರಾಕಿ ಇದ್ರು, ಮರಕ್ಕೆ ಇರಲಿಲ್ಲ. 19ನೇ ಶತಮಾನದ ಮಧ್ಯಕ್ಕೆ ಬರೋ ಹೊತ್ತಿಗೆ ಎಬೊನಿ ಮುಗೀತು ಅಂತ ಎಲ್ಲರೂ ಕೈಬಿಟ್ರು. ಸತ್ತ ಮರದ ಕಪ್ಪು ತುಂಡುಗಳು ಮಾತ್ರ ಇಳಿಜಾರಲ್ಲಿ ಬಿದ್ದಿರ್ತಿದ್ವು, ಅದನ್ನ ಆಯ್ಕೊಂಡು ಬಂದು ಅಲ್ಲಿನವರು ಇನ್ಲೇ ಕೆಲಸ ಮಾಡ್ತಾರೆ, ನಮ್ಮ ಮೈಸೂರಲ್ಲಿ ಬೀಟೆ ಮೇಲೆ ಕೂರಿಸ್ತಾರಲ್ಲ ಆ ಥರ.

ಆಮೇಲೆ 1980. ದ್ವೀಪದವರೇ ಆದ ಜಾರ್ಜ್ ಬೆಂಜಮಿನ್ ಅಂತ ಒಬ್ರು, ಅಲ್ಲಿನ ಕಾಡಿನ ಕೆಲಸದಲ್ಲಿದ್ದವರು, ಇಂಗ್ಲೆಂಡಿಂದ ಬಂದಿದ್ದ ಕ್ವೆಂಟಿನ್ ಕ್ರಾಂಕ್ ಅನ್ನೋ ಸಸ್ಯಶಾಸ್ತ್ರಜ್ಞರ ಜೊತೆ ಬೆಟ್ಟದಂಚಲ್ಲಿ ಓಡಾಡ್ತಿದ್ರು. ಕೆಳಗೆ ಸಮುದ್ರ, ಕಡಿದಾದ ಬಂಡೆ, ಆ ಬಂಡೆಯ ನಡುವೆ ಎರಡು ಪೊದೆ, ಅದರಲ್ಲಿ ಬಿಳೀ ಹೂವು. ಎಬೊನಿನೇ! ಮೇಕೆಗೂ ಕಾಲಿಡೋಕೆ ಆಗದ ಜಾಗ, ಅದಕ್ಕೇ ಉಳಿದಿತ್ತು. ಜಾರ್ಜ್ ಅವರ ಸೋದರ ಹಗ್ಗ ಕಟ್ಕೊಂಡು ಆ ಬಂಡೆಗೆ ಇಳಿದು ಒಂದು ಸಣ್ಣ ಕಡ್ಡಿ ಮುರ್ಕೊಂಡು ಬಂದ್ರು. ಆ ಕಡ್ಡಿ ಬೇರು ಬಿಡ್ತು. ಈಗ ಆ ದ್ವೀಪದಲ್ಲಿ ಸಾವಿರಾರು ಎಬೊನಿ ಗಿಡ ಇದೆ, ಮನೆ ಕಾಂಪೌಂಡಲ್ಲೂ ಹಾಕೊಂಡಿದ್ದಾರೆ, ಎಲ್ಲವೂ ಆ ಎರಡು ಪೊದೆಗಳ ಸಂತಾನ.

ಇನ್ನು ಸತ್ತೋದ ಮರ. ಅದನ್ನ ಸೇಂಟ್ ಹೆಲೀನಾ ಆಲಿವ್ ಅಂತಾರೆ, ಎಣ್ಣೆ ತೆಗೆಯೋ ಆಲಿವ್‌ಗೂ ಅದಕ್ಕೂ ಸಂಬಂಧ ಇಲ್ಲ, ನಮ್ಮ ಎಲಚಿ ಹಣ್ಣಿನ ಕುಟುಂಬದ್ದು. ಅದನ್ನೂ ಇಲ್ಲ ಅಂತ ಬರೆದುಬಿಟ್ಟಿದ್ರು, 1977ರಲ್ಲಿ ಡಯಾನಾಸ್ ಪೀಕ್ ಮೇಲೆ ಒಂದೇ ಒಂದು ಮರ ಕಂಡು ಹಿಡಿದಿದ್ದು ಮತ್ತೆ ಅದೇ ಜಾರ್ಜ್ ಬೆಂಜಮಿನ್. ಆದ್ರೆ ಇದರ ಕಷ್ಟ ಬೇರೆ. ಈ ಮರದ ಹೂವಿಗೆ ಅದೇ ಮರದ ಪರಾಗ ಸಾಮಾನ್ಯವಾಗಿ ಹಿಡಿಯಲ್ಲ, ಕಾಯಿ ಕಟ್ಟಬೇಕಾದ್ರೆ ಇನ್ನೊಂದು ಮರ ಬೇಕು, ಇನ್ನೊಂದು ಮರ ಲೋಕದಲ್ಲೇ ಇಲ್ಲ. ಅಪರೂಪಕ್ಕೆ ಕಟ್ಟಿದ ಬೀಜದಿಂದ ಎದ್ದ ಕೆಲವು ಸಸಿ, ಬೇರು ಬಿಟ್ಟ ಒಂದು ಕಟಿಂಗು, ಇಷ್ಟೇ ಬಂಡವಾಳ. 1994ರಲ್ಲಿ ಬೆಟ್ಟದ ಮರ ಸತ್ತೋಯ್ತು. ಉಳಿದ ಸಸಿಗಳಿಗೆ ಬೂಸ್ಟು ಹಿಡೀತು, ಗೆದ್ದಲು ಹತ್ತಿತು, 2003ರ ಡಿಸೆಂಬರ್‌ನಲ್ಲಿ ಕೊನೇದೂ ಹೋಯ್ತು. ಹುಡುಕಿದ್ದು ಅದೇ ಕಣ್ಣು, ಪ್ರಯತ್ನಾನೂ ಅಷ್ಟೇ, ಆದ್ರೂ ಒಂದು ಉಳೀತು ಒಂದು ಹೋಯ್ತು. ಐವತ್ತು ವರ್ಷ ಮುಂಚೆ, ಹತ್ತು ಮರ ಇದ್ದಾಗ ಯಾರಾದ್ರೂ ಹುಡುಕಿದ್ದಿದ್ರೆ ಅಂತ ನನಗೆ ಅನ್ನಿಸ್ತಾನೇ ಇರುತ್ತೆ.

ಜಾರ್ಜ್ ಬೆಂಜಮಿನ್ ಅವರ ಹೆಸರನ್ನ ಒಂದು ಗಿಡಕ್ಕೆ ಇಟ್ಟಿದ್ದಾರೆ. ಎಬೊನಿಗೂ ಅದರ ದಾಯಾದಿ ರೆಡ್‌ವುಡ್ ಅನ್ನೋ ಮರಕ್ಕೂ ಅಡ್ಡತಳಿಯಾಗಿ ಹುಟ್ಟಿದ ಗಿಡ ಅದು, ಊರಲ್ಲಿ ಅದನ್ನ ರೆಬೊನಿ ಅಂತಾರೆ.

ಪ್ರಶ್ನೆ: ನಾವು ಮೂರು ತಲೆಮಾರಿಂದ ಮೇಕೆ ಕುರಿ ಸಾಕಿ ಜೀವನ ಮಾಡ್ತಿರೋರು. ಪ್ರತಿ ಸಲ ಕಾಡು ಹಾಳಾದ್ರೆ ಮೇಕೆ ಮೇಲೇ ಹೇಳ್ತೀರಲ್ಲ, ನಮ್ಮ ಗುಡ್ಡದಲ್ಲಿ ಅಷ್ಟು ವರ್ಷದಿಂದ ಮೇಯ್ಸಿದ್ರೂ ಗಿಡ ಇದ್ಯಲ್ಲ? (ರೈತರು, ಮಳವಳ್ಳಿ ತಾಲ್ಲೂಕು)

ಉತ್ತರ: ನಿಮ್ಮ ಪ್ರಶ್ನೆ ಬಹಳ ಸರಿಯಾಗಿದೆ ಯಜಮಾನ್ರೇ, ಈ ಕಂತಲ್ಲಿ ನನಗೆ ತುಂಬಾ ಹಿಡಿಸಿದ ಪ್ರಶ್ನೆ ಇದೇ. ನಿಮ್ಮ ಗುಡ್ಡದ ಗಿಡಗಳನ್ನ ಒಂದ್ಸಲ ನೆನಪು ಮಾಡ್ಕೊಳಿ. ಕಾರೆಗೆ ಮುಳ್ಳು, ಜಾಲಿಗೆ ಮುಳ್ಳು, ಎಲಚಿಗೆ ಕೊಕ್ಕೆ ಮುಳ್ಳು, ಲೆಕ್ಕಿ ಸೊಪ್ಪಿಗೆ ಮೇಕೆ ಮೂಗು ತಿರುಗಿಸುತ್ತೆ, ಬಂದ್ರೆ ಗಿಡದ ಎಲೆ ಅಂಟು, ಕಹಿ. ಇವೆಲ್ಲ ಜಿಂಕೆ, ಕೃಷ್ಣಮೃಗ, ಮೊಲ, ದನ ಇವುಗಳ ಹಲ್ಲಿನ ಕೆಳಗೇ ಲಕ್ಷಾಂತರ ವರ್ಷ ಬೆಳೆದು ಬಂದಿರೋ ಗಿಡಗಳು, ತಿಂದ್ರೂ ಬುಡದಿಂದ ಚಿಗುರೋದು ಗೊತ್ತು. ಸೇಂಟ್ ಹೆಲೀನಾದಲ್ಲಿ ಮೇಯೋ ಪ್ರಾಣಿ ಅಂತಾನೇ ಒಂದೂ ಇರಲಿಲ್ಲ. ನೆಲದ ಮೇಲೆ ಓಡಾಡೋ ಸಸ್ತನಿಗಳೇ ಇರಲಿಲ್ಲ, ಬರೀ ಹಕ್ಕಿ, ಹುಳ, ಬಸವನಹುಳ. ಹಾಗಾಗಿ ಅಲ್ಲಿನ ಗಿಡಕ್ಕೆ ಮುಳ್ಳು ಬೇಕಾಗೇ ಇರಲಿಲ್ಲ.

ಪೋರ್ಚುಗೀಸರಿಗೆ ಈ ದ್ವೀಪ ಕಂಡಿದ್ದು 1502ರಲ್ಲಿ, 1513ರ ಹೊತ್ತಿಗೆ ಮೇಕೆ ತಂದು ಬಿಟ್ಟಿದ್ರು, ಮುಂದಿನ ಹಡಗಿನವರಿಗೆ ಮಾಂಸ ಆಗ್ಲಿ ಅಂತ. ಹಿಡಿಯೋರಿಲ್ಲ, ಚಿರತೆ ಇಲ್ಲ, ತೋಳ ಇಲ್ಲ. 1588ರಲ್ಲಿ ಬಂದಿಳಿದ ಕ್ಯಾವೆಂಡಿಷ್ ಅನ್ನೋ ಇಂಗ್ಲಿಷ್ ನಾವಿಕನ ಬರಹದಲ್ಲಿ ಸಾವಿರಾರು ಮೇಕೆ, ಒಂದೊಂದು ಹಿಂಡು ಮೈಲಿ ಉದ್ದ ಇತ್ತು ಅಂತ ಇದೆ. ನೀವು ಹಿಂಡಿನ ಹಿಂದೆ ಕೋಲು ಹಿಡ್ಕೊಂಡು ಹೋಗ್ತೀರಿ, ಸಾಯಂಕಾಲ ಕೊಟ್ಟಿಗೆಗೆ ಹೊಡ್ಕೊಂಡು ಬರ್ತೀರಿ, ಒಂದು ಕಡೆ ಮೇಯ್ಸಿದ್ರೆ ಇನ್ನೊಂದು ಕಡೆ ಬಿಡ್ತೀರಿ. ಅಲ್ಲಿ ಆ ಕೋಲೂ ಇರಲಿಲ್ಲ, ಕೊಟ್ಟಿಗೇನೂ ಇರಲಿಲ್ಲ, ಹೇಳೋರು ಕೇಳೋರು ಯಾರೂ ಇರಲಿಲ್ಲ. ಹಳೇ ಮರಗಳು ವಯಸ್ಸಾಗಿ ಬಿದ್ವು, ಅವುಗಳ ಬುಡದಲ್ಲಿ ಒಂದು ಸಸಿನೂ ಮೇಲೇಳಲಿಲ್ಲ.

ಪ್ರಶ್ನೆ: ನಾನು ವಿ.ಸಿ. ಫಾರಂನಲ್ಲಿ ಬಿಎಸ್ಸಿ ಅಗ್ರಿ ಓದ್ತಿದ್ದೀನಿ. ಅಲ್ಲಿ ಸೂರ್ಯಕಾಂತಿ ಕುಟುಂಬದ ಗಿಡಗಳು ಮರ ಆಗಿ ಬೆಳೀತವೆ ಅಂತ ಸೀನಿಯರ್ ಒಬ್ರು ಹೇಳಿದ್ರು, ಹೇಗೆ ಸಾಧ್ಯ? (ವಿದ್ಯಾರ್ಥಿ, ಮಂಡ್ಯ)

ಉತ್ತರ: ಸಾಧ್ಯ ಅಷ್ಟೇ ಅಲ್ಲಪ್ಪ, ಆ ದ್ವೀಪದ ಕಾಡೇ ಹಾಗಿರೋದು. ಸುಮಾರು ಒಂದೂವರೆ ಕೋಟಿ ವರ್ಷದ ಹಿಂದೆ ಸಮುದ್ರದಿಂದ ಎದ್ದ ನೆಲ, ಹತ್ತಿರದಲ್ಲಿ ಬೇರೆ ನೆಲ ಇಲ್ಲ. ಮಾವು, ಹಲಸಿನಂಥ ದಪ್ಪ ಬೀಜ ಅಲ್ಲಿಗೆ ತಲುಪೋದು ಹೇಗೆ? ಗಾಳೀಲಿ ಹಾರೋ, ಹಕ್ಕಿ ಕಾಲಿಗೆ ಪುಕ್ಕಕ್ಕೆ ಅಂಟೋ ಬೀಜ ಮಾತ್ರ ಬಂದಿರ್ಬೇಕು, ಸೂರ್ಯಕಾಂತಿ ಕುಟುಂಬದವರು ಅದರಲ್ಲಿ ನಿಪುಣರು. ಬಂದು ನೋಡಿದ್ರೆ ಮರಗಳ ಜಾಗ ಖಾಲಿ. ನೆರಳಿಗೆ ಪೈಪೋಟಿ ಕೊಡೋರಿಲ್ಲ, ಯಾವ ಗಿಡ ಸ್ವಲ್ಪ ಎತ್ತರ ಬೆಳೀತೋ ಅದಕ್ಕೆ ಬಿಸಿಲು ಜಾಸ್ತಿ, ಹಾಗೇ ತಲೆಮಾರು ತಲೆಮಾರು ಕಳೆದು ಕಾಂಡ ಗಟ್ಟಿಯಾಗಿ ಮರಾನೇ ಆಗೋಯ್ತು. ಗಮ್‌ವುಡ್ ಅನ್ನೋದು ಅಲ್ಲಿನ ರಾಷ್ಟ್ರೀಯ ಮರ, ಕೊಡೆ ಥರ ತಲೆ, ಬಾಗಿದ ಕಾಂಡ, ತುದೀಲಿ ಬಿಳೀ ಸೇವಂತಿಗೆ ಥರದ ಹೂವು ತಲೆ ತಗ್ಗಿಸಿ ನಿಂತಿರುತ್ತೆ. ಮೇಲಿನ ಮಂಜಿನ ಕಾಡಲ್ಲಿ ಕ್ಯಾಬೇಜ್ ಟ್ರೀ ಅಂತ ಕರೆಯೋ ಮರಗಳಿವೆ, ಅವೂ ಇದೇ ಕುಟುಂಬ.

ನೀನು ಕೀಟಶಾಸ್ತ್ರ ಓದೋನಾದ್ರೆ ನಿನಗೆ ಇದು ಬೇಕು. 1990ರ ದಶಕದ ಶುರುವಿಗೆ ಆ ಗಮ್‌ವುಡ್ ಮರಗಳಿಗೆ ಒಂದು ರಸ ಹೀರೋ ಕೀಟ ಬಿತ್ತು, ಒರ್ತೇಜಿಯಾ ಅಂತ, ಲಂಟಾನದ ಮೇಲೂ ಕಾಣಿಸ್ಕೊಳ್ಳುತ್ತಲ್ಲ ಅದೇ. ಹೊರಗಿಂದ ಬಂದ ಗಿಡದ ಜೊತೆ ದ್ವೀಪಕ್ಕೆ ನುಗ್ಗಿದ್ದು. ಎಲೆ ಕೊಂಬೆಯೆಲ್ಲ ಕಪ್ಪು ಬೂಸ್ಟು, ಕಣ್ಮುಂದೇನೇ ಮರಗಳು ಒಣಗೋಕೆ ಶುರುವಾದ್ವು. ಇನ್ನೂ ಉಳಿದಿದ್ದ ಒಳ್ಳೇ ಗುಂಪೇ ಎರಡೋ ಮೂರೋ. ಔಷಧಿ ಹೊಡೆದ್ರೆ ಆ ಮರ ನಂಬ್ಕೊಂಡಿರೋ, ಅಲ್ಲಿ ಮಾತ್ರ ಇರೋ ಹುಳಗಳೂ ಸಾಯ್ತವೆ. 1993ರಲ್ಲಿ ಆಫ್ರಿಕಾದಿಂದ ಹೈಪರ್ಯಾಸ್ಪಿಸ್ ಅನ್ನೋ ಗುಲಗಂಜಿ ಹುಳ ತರಿಸಿ ಬಿಟ್ರು. ಎರಡು ವರ್ಷದಲ್ಲಿ ಕೀಟ ಹಿಡಿತಕ್ಕೆ ಬಂತು, ಮರಗಳು ಉಳ್ಕೊಂಡ್ವು. 2010ರಲ್ಲಿ ನಮ್ಮ ಪಪ್ಪಾಯ, ಹಿಪ್ಪುನೇರಳೆ ತೋಟಗಳಿಗೆ ಹಿಟ್ಟು ತಿಗಣೆ ಬಂದು ರೈತರು ಕಂಗಾಲಾಗಿದ್ದಾಗ ಪೋರ್ಟೊರಿಕೋದಿಂದ ಆ ತಿಗಣೆ ಮೈಯೊಳಗೇ ಮೊಟ್ಟೆ ಇಟ್ಟು ಅದನ್ನ ಕೊಲ್ಲೋ ಪರತಂತ್ರ ಕಣಜ ತರಿಸಿ ಬಿಟ್ರಲ್ಲ, ಅದೇ ದಾರಿ. ನಮ್ಮಲ್ಲಿ ಬೆಳೆ ಉಳಿಸೋಕೆ ಮಾಡಿದ್ದು, ಅಲ್ಲಿ ಒಂದು ಕಾಡು ಮರದ ಜಾತಿ ಉಳಿಸೋಕೆ ಮಾಡಿದ್ದು. ನಿಮ್ಮ ಟೀಚರ್‌ಗೆ ಹೇಳಿ ಒಂದು ಸೆಮಿನಾರ್ ತಗೋ.

2000ನೇ ಇಸವಿಯಲ್ಲಿ ದ್ವೀಪದ ಜನ ಎಲ್ಲರೂ ಸೇರಿ ಒಣಗಿ ಬಿರುಕು ಬಿಟ್ಟಿದ್ದ ಜಾಗದಲ್ಲಿ ಗಮ್‌ವುಡ್ ನೆಡೋಕೆ ಶುರು ಮಾಡಿದ್ರು, ಮಿಲೆನಿಯಂ ಫಾರೆಸ್ಟ್ ಅಂತ ಹೆಸರು. ಮುಂಚೆ ಅಲ್ಲಿ ಗ್ರೇಟ್ ವುಡ್ ಅನ್ನೋ ದೊಡ್ಡ ಕಾಡು ಇತ್ತು. ಈಗ ಸಾವಿರಾರು ಮರ ನಿಂತಿದೆ.

ಪ್ರಶ್ನೆ: ನಮ್ಮ ಹೊಲದ ಬದುವಲ್ಲೆಲ್ಲ ಕತ್ತಾಳೆ, ಚಿಕ್ಕೋರಿದ್ದಾಗ ನಾರು ತೆಗೆದು ಹಗ್ಗ ಹೊಸೀತಿದ್ವಿ. ಸೇಂಟ್ ಹೆಲೀನಾದಲ್ಲೂ ನಾರಿನ ಬೆಳೆಯಿಂದ ಕಾಡು ಹಾಳಾಯ್ತು ಅಂತಾರೆ, ವಿವರ ತಿಳಿಸಿ. (ಓದುಗರು, ಮದ್ದೂರು)

ಉತ್ತರ: ಹೌದು, ಅಲ್ಲಿ ಬೆಳೆದದ್ದು ನ್ಯೂಜಿಲೆಂಡ್ ಫ್ಲಾಕ್ಸ್. ನಮ್ಮ ಅಗಸೆ ಅಲ್ಲ, ಆಳೆತ್ತರದ ಕತ್ತಿಯಂಥ ಎಲೆಗಳು ಬುಡದಿಂದಾನೇ ಗುಂಪಾಗಿ ಏಳೋ ಗಿಡ. 1907ರಿಂದ ಸರ್ಕಾರವೇ ಮಿಲ್ ಹಾಕ್ತು, ಬೆಟ್ಟದ ಮೇಲಿನ ಮಂಜಿನ ಕಾಡು ಕಡಿದು ಎಲ್ಲಾ ಕಡೆ ಫ್ಲಾಕ್ಸ್ ನೆಟ್ರು, ನಾರು ತೆಗೆದು ಹುರಿ, ಹಗ್ಗ ಮಾಡಿ ಕಳಿಸೋರು. ಬ್ರಿಟಿಷ್ ಅಂಚೆ ಇಲಾಖೆ ಟಪಾಲು ಕಟ್ಟೋ ದಾರಕ್ಕೆ ಇದನ್ನೇ ತಗೊಳ್ತಿತ್ತು. ಅಂಚೆಯವರು ಸಿಂಥೆಟಿಕ್ ದಾರಕ್ಕೆ ಹೋದ್ರು, 1966ರಲ್ಲಿ ಮಿಲ್ಲುಗಳೆಲ್ಲ ಬಾಗಿಲು ಹಾಕಿದ್ವು, ಜನರ ಕೆಲಸ ಹೋಯ್ತು. ಗಿಡ ಮಾತ್ರ ಹೋಗಲಿಲ್ಲ, ಇವತ್ತಿಗೂ ಬೆಟ್ಟದ ಸಾಲಲ್ಲಿ ಹಬ್ಬಿಕೊಂಡಿದೆ.

ಇದರಿಂದ ನೀರಿಗೂ ತೊಂದರೆ. ಆ ಬೆಟ್ಟದ ನೆತ್ತೀಲಿ ಮರಜರೀಗಿಡ, ಕ್ಯಾಬೇಜ್ ಮರ, ಪಾಚಿ ಇವೆಲ್ಲ ಸೇರಿ ಹಾದು ಹೋಗೋ ಮಂಜನ್ನ ಹಿಡಿದು ಹನಿ ಹನಿ ಮಾಡಿ ಮಣ್ಣಿಗೆ ಇಳಿಸ್ತವೆ, ದ್ವೀಪದ ಕುಡಿಯೋ ನೀರಿಗೆ ಅದು ದೊಡ್ಡ ಆಸರೆ. ಹಾಗಾಗಿ ಈಗ ಫ್ಲಾಕ್ಸ್ ಕಿತ್ತು ಮೂಲದ ಗಿಡ ವಾಪಸ್ ಹಾಕ್ತಿದ್ದಾರೆ. ಆದ್ರೆ ಒಂದೇ ಸಲ ಎಲ್ಲಾ ಬೋಳು ಮಾಡಲ್ಲ, ಮಾಡಿದ್ರೆ ಕಡಿದಾದ ಇಳಿಜಾರಿನ ಮಣ್ಣು ಜಾರುತ್ತೆ, ಖಾಲಿ ಜಾಗಕ್ಕೆ ಬೇರೆ ಕಳೆ ನುಗ್ಗುತ್ತೆ. ಸ್ವಲ್ಪ ಸ್ವಲ್ಪ ಜಾಗ ಕೈಯಲ್ಲಿ ಕಡಿದು, ಅಲ್ಲೇ ಸಸಿ ನೆಟ್ಟು, ಅದು ಹಿಡಿದ ಮೇಲೆ ಮುಂದಿನ ತುಂಡು. ಆ ಮರಜರೀಗಿಡಗಳ ಮೇಲೆ ಮೈತುಂಬಾ ಮುಳ್ಳಿರೋ ಹಳದಿ ಬಣ್ಣದ ಒಂದು ಸಣ್ಣ ಜೀವಿ ಇದೆ, ಲೋಕದಲ್ಲಿ ಬೇರೆಲ್ಲೂ ಇಲ್ಲ, ಗಿಡ ಹೋದ್ರೆ ಅದೂ ಹೋಯ್ತು.

ನಿಮ್ಮ ಬದುವಿನ ಕತ್ತಾಳೆ ಕೂಡ ಮೆಕ್ಸಿಕೋ ಕಡೆಯಿಂದ ಬಂದಿದ್ದೇ, ಆದ್ರೆ ಅದು ನೆಟ್ಟಲ್ಲಿ ನಿಂತಿದೆ, ಅದಕ್ಕೆ ಗಾಬರಿ ಬೇಡ. ನಮ್ಮ ಕಡೆ ನಿಜವಾದ ಹೆದರಿಕೆ ಲಂಟಾನ. 19ನೇ ಶತಮಾನದ ಶುರುವಲ್ಲಿ ಕಲ್ಕತ್ತಾ ಗಾರ್ಡನ್‌ಗೆ ಹೂವಿಗೆ ಅಂತ ತಂದ ಗಿಡ ಈಗ ಬಂಡೀಪುರ, ನಾಗರಹೊಳೆಯ ನೆಲಾನೆಲ್ಲ ಮುಚ್ಚಿದೆ. ಅದರ ಹಿಂದೇನೇ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಬರ್ತಿದೆ, ನೋಡೋಕೆ ಚೆನ್ನಾಗಿದೆ ಅಂತ ಸಾಲುಮರವಾಗಿ ಹಾಕೊಂಡಿದ್ದು. ನರ್ಸರೀಲಿ ಸಿಕ್ರೆ ದಯವಿಟ್ಟು ಕೊಳ್ಳಬೇಡಿ, ಹಳದಿ ಹೂವೇ ಬೇಕಂದ್ರೆ ನಮ್ಮ ಕಕ್ಕೆ ಇದ್ಯಲ್ಲ.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ರಿಟೈರ್ ಆಗಿದ್ದೀವಿ, ಗಾರ್ಡನ್ ನೋಡೋ ಹುಚ್ಚು. ಅಲ್ಲಿಗೆ ಹೋಗೋದು ಹೇಗೆ? ನೆಪೋಲಿಯನ್ ತೋಟ ಇನ್ನೂ ಇದ್ಯಾ? ಬೀಜ ತರಬಹುದಾ? (ದಂಪತಿ, ಸರಸ್ವತಿಪುರಂ, ಮೈಸೂರು)

ಉತ್ತರ: ಹೋಗಬಹುದು, ದುಡ್ಡು ಮತ್ತೆ ತಾಳ್ಮೆ ಎರಡೂ ಬೇಕು. 2017ರವರೆಗೆ ಕೇಪ್‌ಟೌನಿಂದ ಹಡಗಲ್ಲೇ ಐದು ದಿನ ಹೋಗ್ಬೇಕಿತ್ತು, ಆ ವರ್ಷದ ಅಕ್ಟೋಬರ್‌ನಿಂದ ಜೋಹಾನ್ಸ್‌ಬರ್ಗಿಂದ ವಿಮಾನ ಇದೆ. ಗಾಳಿ ಜೋರು, ದಿನ ಹೆಚ್ಚುಕಮ್ಮಿ ಆಗಬಹುದು, ವಾಪಸ್ ಟಿಕೆಟ್‌ಗೆ ಬಿಡುವು ಇಟ್ಕೊಳಿ.

ಊರು ಜೇಮ್ಸ್‌ಟೌನ್, ಎರಡು ಬೆಟ್ಟದ ಸಂದಿಯಲ್ಲಿ ಇದೆ, ಸಮುದ್ರದ ಹತ್ತಿರ ಕ್ಯಾಸಲ್ ಗಾರ್ಡನ್ಸ್ ಅಂತ ಹಳೇ ಪಾರ್ಕು, ಅಲ್ಲಿರೋ ದೊಡ್ಡ ಮರಗಳು ಹೆಚ್ಚಾಗಿ ಹೊರಗಿನವು. ಪಕ್ಕದಲ್ಲೇ ಬೆಟ್ಟಕ್ಕೆ ನೇರ ಹತ್ತೋ 699 ಮೆಟ್ಟಿಲು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋ ಅಭ್ಯಾಸ ಇದ್ರೆ ಧೈರ್ಯ ಮಾಡಿ, ಆದ್ರೆ ಇದು ಅದಕ್ಕಿಂತ ಕಡಿದು, ನಡುವೆ ಮಂಟಪ, ನಂದಿ ಯಾವುದೂ ಇಲ್ಲ. ನಿಮಗೆ ಗಿಡಗಳೇ ಬೇಕಂದ್ರೆ ಡಯಾನಾಸ್ ಪೀಕ್ ನಡಿಗೆ ತಪ್ಪಿಸಬೇಡಿ, ಕೆಸರು, ಮಂಜು, ಎರಡೂ ಕಡೆ ಮರಜರಿ. ಒಣ ಕರಾವಳಿಗೆ ಹೋದ್ರೆ ಬೇಬೀಸ್ ಟೋಸ್ ಅನ್ನೋ ಪುಟ್ಟ ಗಿಡ ನೋಡಿ, ಮಗುವಿನ ಕಾಲ್ಬೆರಳ ಥರ ಉಬ್ಬಿದ ರಸ ತುಂಬಿದ ಎಲೆ, ಮಳೆ ಬಂದಾಗ ಎದ್ದು ಬಿಸಿಲಿಗೆ ಕೆಂಪಾಗಿ ಒಣಗುತ್ತೆ.

ಲಾಂಗ್‌ವುಡ್ ಮನೆ, ತೋಟ ಎರಡೂ ಇದೆ. 1815ರ ಡಿಸೆಂಬರ್‌ನಿಂದ 1821ರ ಮೇ 5ಕ್ಕೆ ತೀರಿಕೊಳ್ಳೋವರೆಗೆ ನೆಪೋಲಿಯನ್ ಅಲ್ಲಿದ್ದ. ಕೊನೇ ವರ್ಷಗಳಲ್ಲಿ ತೋಟದ ಕೆಲಸಕ್ಕೆ ಇಳಿದ, ಕಾವಲಿನ ಸೈನಿಕರ ಕಣ್ಣಿಗೆ ಬೀಳದ ಹಾಗೆ ಓಡಾಡೋಕೆ ತಗ್ಗು ದಾರಿ ತೋಡಿಸ್ದ, ಗಾಳಿಗೆ ಅಡ್ಡ ಮಣ್ಣಿನ ಏರಿ ಹಾಕ್ಸಿದ. ದುಡಿದವರಲ್ಲಿ ಚೀನಾದ ಕೂಲಿಯವರೂ ಇದ್ರು, ಅವರನ್ನ ದ್ವೀಪಕ್ಕೆ 1810ರಲ್ಲಿ ತರಿಸಿದ್ದು ಮೇಲೆ ಹೇಳಿದ ಅದೇ ಬೀಟ್ಸನ್. ಚೆಂದದ ತೋಟ, ಆದ್ರೆ ದ್ವೀಪದ ಮೂಲದ ಗಿಡ ನೋಡೋಕೆ ಅಂತ ಹೋದ್ರೆ ಇದು ನಿಮ್ಮ ಜಾಗ ಅಲ್ಲ.

ಬೀಜ ಮಾತ್ರ ಬೇಡವೇ ಬೇಡ. ತರೋದೂ ಬೇಡ, ಇಲ್ಲಿಂದ ತಗೊಂಡು ಹೋಗೋದೂ ಬೇಡ. ಹಣ್ಣು, ಕಾಳು, ಹಸಿ ಸೊಪ್ಪು ಯಾವುದೂ ಬ್ಯಾಗಲ್ಲಿ ಇಡಬೇಡಿ, ಶೂ ಅಡಿಯ ಮಣ್ಣು ಮನೇಲೇ ಬ್ರಷ್ ಹಾಕಿ ತೊಳ್ಕೊಂಡು ಹೋಗಿ. ಮೇಲೆ ಒರ್ತೇಜಿಯಾ ಬಗ್ಗೆ ಬರೆದಿದ್ದೀನಲ್ಲ, ಅಂಥದ್ದೇ ಇನ್ನೊಂದು ನಮ್ಮ ಸಾಮಾನಿನ ಜೊತೆ ಹೋಗಬಾರದು.

ಪ್ರಶ್ನೆ: ನಮ್ಮ ಸರ್ಕಾರಿ ಹೈಸ್ಕೂಲಿನ ಹಿಂದೆ ಕಾಲು ಎಕರೆ ಖಾಲಿ ಇದೆ. ಕುಂತಿ ಬೆಟ್ಟದ ಕಡೆಯ ನಮ್ಮದೇ ಗಿಡಗಳನ್ನ ಮಕ್ಕಳ ಕೈಲಿ ಹಾಕಿಸ್ಬೇಕು ಅಂತ ಆಸೆ. ಆ ದ್ವೀಪದವರ ಅನುಭವದಿಂದ ನಮಗೇನಾದ್ರೂ ಉಪಯೋಗ ಆಗುತ್ತಾ? (ಶಿಕ್ಷಕಿ, ಪಾಂಡವಪುರ)

ಉತ್ತರ: ಆಗುತ್ತೆ ಟೀಚರ್, ಮುಖ್ಯವಾಗಿ ಬೀಜ ಆರಿಸೋ ವಿಷಯದಲ್ಲಿ. ರೆಡ್‌ವುಡ್ ಅಂತ ಮೇಲೆ ಹೇಳಿದ್ನಲ್ಲ, ಆ ದ್ವೀಪದಲ್ಲಿ ಈಗಿರೋ ರೆಡ್‌ವುಡ್‌ಗಳೆಲ್ಲ ಒಂದೇ ತಾಯಿ ಮರದ ಬೀಜದಿಂದ ಬಂದವು. ಕಾಡಲ್ಲಿ ಅದು ಇಲ್ಲವೇ ಇಲ್ಲ, ನೆಟ್ಟವು ಮಾತ್ರ, ಅವೂ ಸೊರಗಿಕೊಂಡು, ಬೇಗ ಸಾಯೋದು ಜಾಸ್ತಿ, ಯಾಕಂದ್ರೆ ರಕ್ತಸಂಬಂಧದೊಳಗೇ ಮತ್ತೆ ಮತ್ತೆ ಕೂಡಿ ಬಲ ಹೋಗಿದೆ. ನೀವು ಸ್ಕೂಲ್ ಗೇಟಿನ ಪಕ್ಕದ ಒಂದು ಕಕ್ಕೆ ಮರದ ಕಾಯೇ ತಂದು ಐವತ್ತು ಸಸಿ ಮಾಡಿದ್ರೆ ಅದೇ ಕಥೆ ಆಗುತ್ತೆ. ಬೇರೆ ಬೇರೆ ಊರಿಂದ ಬರೋ ಮಕ್ಕಳಿದ್ದಾರಲ್ಲ, ಒಬ್ಬೊಬ್ಬರೂ ಅವರವರ ಊರ ಮರದಿಂದ ಒಂದಿಷ್ಟು ಬೀಜ ತರಲಿ, ಕವರ್ ಮೇಲೆ ಊರು, ಮರ ಇದ್ದ ಜಾಗ, ತಿಂಗಳು ಬರೀಲಿ. ಆಮೇಲೆ ಎಲ್ಲಾ ಬೆರೆಸಿ ಹಾಕಿ.

ಗಿಡ ಯಾವುದು ಅಂದ್ರೆ, ಬಂಡೆ ಮಣ್ಣಿಗೆ ಬಂದ್ರೆ ಗಿಡ, ತಂಗಡಿ, ಕಾರೆ, ಬಿಕ್ಕೆ ಬೇಲಿ ಸಾಲಲ್ಲಿ ಇರಲಿ, ಒಳಗೆ ಕಕ್ಕೆ, ಮುತ್ತುಗ, ಬೇಲ, ಹೊಂಗೆ. ತಂಗಡಿ ಮತ್ತೆ ಕಕ್ಕೆ ಬೀಜದ ಸಿಪ್ಪೆ ಗಟ್ಟಿ, ಕುದಿಸಿ ಇಳಿಸಿದ ನೀರಿಗೆ ಹಾಕಿ ಒಂದು ರಾತ್ರಿ ಬಿಡಿ, ಇಲ್ಲಾಂದ್ರೆ ಸಿಮೆಂಟ್ ನೆಲಕ್ಕೆ ಸ್ವಲ್ಪ ಉಜ್ಜಿ. ಮುತ್ತುಗದ ಬೀಜ ಇಟ್ಕೊಂಡ್ರೆ ಕೆಡುತ್ತೆ, ಬೇಸಿಗೇಲಿ ಕಾಯಿ ಬಿದ್ದ ತಕ್ಷಣ ಹಾಕ್ಬೇಕು. ಬಿಕ್ಕೆ ನಿಧಾನ, ಮಕ್ಕಳಿಗೆ ಮೊದಲೇ ಹೇಳಿರಿ, ಇಲ್ಲದಿದ್ರೆ ಕುಂಡ ಖಾಲಿ ಅಂತ ಮಣ್ಣು ಚೆಲ್ಲಿಬಿಡ್ತಾರೆ.

ಇನ್ನೊಂದು, ನರ್ಸರಿ ಲಿಸ್ಟ್ ನೋಡೋಕೆ ಮುಂಚೆ ಬೆಟ್ಟದ ತಪ್ಪಲಲ್ಲಿ ಮೇಕೆ ಮೇಯ್ಸೋರನ್ನ, ನಾಟಿ ಔಷಧಿ ಕೊಡೋ ಅಜ್ಜಿಯರನ್ನ ಒಂದು ದಿನ ಸ್ಕೂಲಿಗೆ ಕರೆಸಿ. ಅವರನ್ನ ಮುಂದೆ ಬಿಟ್ಕೊಂಡು ಮಕ್ಕಳ ಜೊತೆ ಬೆಟ್ಟ ಸುತ್ತಿ, ಅವರು ತೋರಿಸಿದ ಪ್ರತಿ ಗಿಡದ ಹೆಸರು, ಅದು ಇರೋ ಜಾಗ ಬರ್ಕೊಳಿ, ಮೊಬೈಲಲ್ಲಿ ಹೂವಿನ ಫೋಟೋ ತೆಗೀರಿ. ಮುಂಚೆ ಇತ್ತು ಈಗ ಕಾಣಲ್ಲ ಅಂತ ಅವರು ಯಾವ ಗಿಡದ ಹೆಸರು ಹೇಳ್ತಾರೋ ಅದನ್ನ ಬೇರೆ ಪಟ್ಟಿ ಮಾಡಿ, ದನ ಮೇಕೆ ಹತ್ತಲಾಗದ ಬಂಡೆ ಸಂದಿಗಳಲ್ಲಿ ಹುಡುಕಿ. ಸಿಕ್ರೆ ಪೂರ್ತಿ ಗಿಡ ಕೀಳಬೇಡಿ, ಅರಣ್ಯ ಇಲಾಖೆಯ ಜಾಗ ಆಗಿದ್ರೆ ಮೊದಲು ಅವರನ್ನ ಕೇಳಿ, ನಾಲ್ಕು ಬೀಜ ಸಾಕು. ನೆಡೋದು ಜೂನ್ ಮಳೆಗೆ ಆಗದಿದ್ರೆ ಆಗಸ್ಟ್ ಕೊನೇಲಿ ನೆಟ್ಬಿಡಿ, ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೇನೇ ಗಟ್ಟಿ, ಮೊದಲ ಎರಡು ಬೇಸಿಗೆ ನೀರು ಹಾಕೋ ಪಾಳಿ ಎಂಟನೇ ಕ್ಲಾಸಿನವರಿಗೆ ಕೊಡಿ, ಅವರು ಇನ್ನೂ ಎರಡು ವರ್ಷ ಸ್ಕೂಲಲ್ಲೇ ಇರ್ತಾರೆ. ಪಟ್ಟಿ ಆದ್ಮೇಲೆ ಒಂದು ಪ್ರತಿ ನಮಗೂ ಕಳ್ಸಿ, ಮುಂದಿನ ಅಂಕಣಗಳಲ್ಲಿ ಒಂದೊಂದೇ ಗಿಡದ ಬಗ್ಗೆ ಬರೀತೀನಿ.